ನಾನು ಹಿಡಿದ ಕೋಣಕ್ಕೆ ಮೂರೇ ಕಾಲು

ಒಹಾಯೋದಲ್ಲಿ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಗ್ಯಾರೇಜ್ ಸೇಲ್ ಇತ್ತು. ನಾನು ಹೋಗಿದ್ದು ಏಣಿ ಕೊಳ್ಳೋಣ ಅಂತ. ತಂದಿದ್ದು ನೀಲಿ ರಟ್ಟಿನ ಒಂದು ಫೋಲ್ಡರ್. ಅದರ ತೂತುಗಳಲ್ಲಿ ವರ್ಷದ ಪ್ರಕಾರ ಬಫಲೋ ನಿಕಲ್‌ಗಳನ್ನು ಒತ್ತಿ ಕೂರಿಸಿದ್ದರು. ಕೇಳಿದಷ್ಟು ಕೊಟ್ಟೆ, ಚೌಕಾಸಿ ಮಾಡಲಿಲ್ಲ.

ಬಫಲೋ ನಿಕಲ್ ಅಂದರೆ ಅಮೆರಿಕದ ಹಳೆಯ 5 ಸೆಂಟಿನ ನಾಣ್ಯ. ಜೇಮ್ಸ್ ಅರ್ಲ್ ಫ್ರೇಸರ್ ವಿನ್ಯಾಸ ಮಾಡಿದ್ದು. 1913ರಿಂದ 1938ರವರೆಗೆ ಟಂಕಿಸಿದರು. ಒಂದು ಕಡೆ ಮೂಲನಿವಾಸಿಯ ಮುಖ, ಇನ್ನೊಂದು ಕಡೆ ಬೈಸನ್. ನಮ್ಮ ಮಲೆನಾಡಿನ ಕಾಟಿಯ ದೂರದ ನೆಂಟ. ಮನೆಯಲ್ಲಿ ನಾವು ಸುಮ್ನೆ ಕೋಣ ಅಂತಲೇ ಕರೆಯುತ್ತೇವೆ.

ಫೋಲ್ಡರಿನಲ್ಲಿ ಮುಖದ ಕಡೆ ಮಾತ್ರ ಕಾಣುತ್ತದೆ, ಕೋಣ ರಟ್ಟಿಗೆ ಒತ್ತಿಕೊಂಡಿರುತ್ತದೆ. ರಾತ್ರಿ ಒಂದೊಂದಾಗಿ ತೆಗೆದು ನೋಡುತ್ತಿದ್ದೆ. 1937-ಡಿ (ಡಿ ಅಂದರೆ ಡೆನ್ವರ್ ಟಂಕಸಾಲೆಯ ಗುರುತು) ಅಂತ ಬರೆದ ತೂತಿನ ನಾಣ್ಯ ತಿರುಗಿಸಿದರೆ ಕೋಣಕ್ಕೆ ಮುಂದಿನ ಬಲಗಾಲೇ ಇಲ್ಲ! ಗೊರಸು ಮಾತ್ರ ನೆಲದ ಮೇಲೆ ಒಂಟಿಯಾಗಿ ನಿಂತಿತ್ತು.

ಖುಷಿಗಿಂತ ಮೊದಲು ಅನುಮಾನ ಬಂತು. ಟಂಕಸಾಲೆಯ ತಪ್ಪಿನಿಂದಲೇ ಕಾಲು ಹೋದ ಇಂಥ ನಾಣ್ಯಕ್ಕೆ ಬೆಲೆ ಜಾಸ್ತಿ, ಹಾಗಾಗಿ ಮಾಮೂಲಿ 1937-ಡಿ ನಾಣ್ಯದ ಕಾಲು ಕೆರೆದು ಮಾರುವವರೂ ಜಾಸ್ತಿ. ತೂಗಿದೆ, 4.9 ಗ್ರಾಂ. ಹೊಸದು 5 ಗ್ರಾಂ ಇರಬೇಕು, ಇಷ್ಟು ಸವೆದದ್ದಕ್ಕೆ ಸರಿಯೇ. ಆಮೇಲೆ 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಹಿಡಿದೆ. ದೀಪವನ್ನು ಪಕ್ಕದಿಂದ, ತೀರಾ ಕೆಳಗಿನಿಂದ ಬಿಟ್ಟೆ. ಮೇಲಿನಿಂದ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ.

ಅಸಲಿ ಮೂರು ಕಾಲಿನ ಕೋಣಕ್ಕೆ ಹೊಟ್ಟೆಯಿಂದ ನೆಲದವರೆಗೆ ಸಣ್ಣ ಉಬ್ಬು ಚುಕ್ಕಿಗಳ ಸಾಲು ಇರುತ್ತದೆ. ಕೋಣ ಉಚ್ಚೆ ಹೊಯ್ಯುತ್ತಿದೆ ಅಂತ ಇಲ್ಲಿನ ಸಂಗ್ರಾಹಕರು ತಮಾಷೆ ಮಾಡುತ್ತಾರೆ. ಹಿಂಗಾಲು ನುಸಿ ತಿಂದ ಹಾಗೆ ತೆಳ್ಳಗೆ, ಅಂಚು ಹರಿದುಕೊಂಡು ಇರುತ್ತದೆ. ಕಾಲನ್ನು ಕೆರೆದು ತೆಗೆಯಬಹುದು. ಆದರೆ ಕೆರೆಯುವವನಿಗೆ ಉಬ್ಬು ಚುಕ್ಕಿ ಎಬ್ಬಿಸಲು ಆಗುವುದಿಲ್ಲ, ಅಲ್ವಾ? ನನ್ನ ನಾಣ್ಯದಲ್ಲಿ ನಾಲ್ಕು ಚುಕ್ಕಿ ಉಳಿದಿದ್ದವು. ಕಾಲಿದ್ದ ಜಾಗದಲ್ಲಿ ಕೆರೆದ ಗೀರು ಇರಲಿಲ್ಲ. ಡಿ ಅಕ್ಷರದ ಬುಡದಲ್ಲಿ ಅಂಟಿಸಿದ ಗೆರೆಯೂ ಇರಲಿಲ್ಲ. ಅಸಲಿ ಅಂತ ಗಟ್ಟಿಯಾಯಿತು.

ಇನ್ನು ಉಳಿದದ್ದು ಗ್ರೇಡ್, ಅಂದರೆ ನಾಣ್ಯ ಎಷ್ಟು ಸವೆದಿದೆ ಅನ್ನುವುದಕ್ಕೆ ಕೊಡುವ ಅಂಕ. ನಾನು ಎಡವಿದ್ದು ಇಲ್ಲೇ.

1949ರಲ್ಲಿ ನಾಣ್ಯತಜ್ಞ ವಿಲಿಯಂ ಶೆಲ್ಡನ್ ಹಳೆಯ ತಾಮ್ರದ ಸೆಂಟ್‌ಗಳಿಗೆ ಅಂತ 1ರಿಂದ 70ರ ಅಳತೆ ಮಾಡಿದ. ಈಗ ಅಮೆರಿಕದ ಎಲ್ಲ ನಾಣ್ಯಕ್ಕೂ ಅದೇ. ಬಫಲೋ ನಿಕಲ್‌ಗೆ ಮುಖ್ಯ ಗುರುತು ಕೋಣದ ಕೊಂಬು. ಕೊಂಬು ಪೂರ್ತಿ ಅಳಿಸಿದರೆ ಜಿ-4 (ಗುಡ್). ಅರ್ಧ ಕಂಡರೆ ವಿಜಿ-8 (ವೆರಿ ಗುಡ್). ಅರ್ಧಕ್ಕಿಂತ ಹೆಚ್ಚು ಕಂಡರೆ ಎಫ್-12 (ಫೈನ್). ಹೆಚ್ಚುಕಮ್ಮಿ ಪೂರ್ತಿ ಇದ್ದರೆ ವಿಎಫ್-20 (ವೆರಿ ಫೈನ್). ನನ್ನದರ ಕೊಂಬಿಗೆ ತುದಿ ಇರಲಿಲ್ಲ. ಆದರೂ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ 20 ಅಂತ ಬರೆದೆ. "ಈ ಅಚ್ಚೇ ದುರ್ಬಲ, ಕಾಲೇ ಹೋಗಿದೆ, ಕೊಂಬಿನ ತುದಿ ಹೋಗುವುದು ಯಾವ ಲೆಕ್ಕ, ಅದು ಸವಕಳಿ ಅಲ್ಲ" ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ನಾನು. ಇಲ್ಲಿ ಕಾಲು ನಿಜಕ್ಕೂ ಮೂರೇ ಇದ್ದಿದ್ದರಿಂದ ಹಟ ಇನ್ನೂ ಜಾಸ್ತಿ ಆಯಿತು.

ಎರಡು ದಿನ ಬಿಟ್ಟು, ಆ ಕಾಲು ಹೋಗಿದ್ದು ಹೇಗೆ ಅಂತ ಯೋಚಿಸುತ್ತಾ ಕೂತಾಗ ತಪ್ಪು ಹೊಳೆಯಿತು. ಡೆನ್ವರ್ ಟಂಕಸಾಲೆಯಲ್ಲಿ ನಡುವೆ ನಾಣ್ಯವಾಗಬೇಕಾದ ಲೋಹದ ಬಿಲ್ಲೆ ಇಲ್ಲದೆ ಎರಡು ಅಚ್ಚುಗಳು ಒಂದಕ್ಕೊಂದು ಬಡಿದವು, ಆ ಕಲೆ ಹೋಗಲಿ ಅಂತ ಅಚ್ಚನ್ನು ಉಜ್ಜಿದರು ಅನ್ನುತ್ತಾರೆ. ಉಜ್ಜಿದ್ದು ಅತಿಯಾಯಿತು. ನಾಣ್ಯದಲ್ಲಿ ಉಬ್ಬಿದ್ದು ಅಚ್ಚಿನಲ್ಲಿ ಗುಂಡಿ. ಆ ಕಾಲು ಅಚ್ಚಿನಲ್ಲಿ ತೆಳುವಾದ ಗುಂಡಿ, ಮೇಲ್ಮೈ ಉಜ್ಜಿದರೆ ಮೊದಲು ಹೋಗುವುದು ಅದೇ. ಕೊಂಬು ಹಾಗಲ್ಲ, ಅದು ಆಳದ ಗುಂಡಿ. ಅಲ್ಲಿಯವರೆಗೆ ಉಜ್ಜುವ ಕಲ್ಲು ಇಳಿಯುವುದೇ ಇಲ್ಲ. ಅಂದರೆ ಪಾಲಿಷ್ ತಿನ್ನುವುದು ನಾಣ್ಯದ ತಗ್ಗನ್ನು, ಜೇಬು ಮತ್ತು ಕೈ ತಿನ್ನುವುದು ದಿಬ್ಬವನ್ನು. ಕಾಲಿಗೆ ಕೊಡುವ ರಿಯಾಯಿತಿಯನ್ನು ಕೊಂಬಿಗೂ ಕೊಟ್ಟುಬಿಟ್ಟಿದ್ದೆ.

ಟಂಕಿಸುವಾಗಲೇ ಕೊಂಬು ಸರಿಯಾಗಿ ಒತ್ತಿಲ್ಲದಿರಬಹುದು ಅನ್ನುವ ಇನ್ನೊಂದು ನೆಪವೂ ಇತ್ತು. ಡೆನ್ವರ್ ನಿಕಲ್‌ಗಳಲ್ಲಿ ಅದು ಇದ್ದದ್ದೇ. ಹಾಗಾಗಿ ಅದೇ ಫೋಲ್ಡರಿನ 1936-ಡಿ ಮತ್ತು ಗುರುತಿಲ್ಲದ 1937 ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಸರಿಯಾಗಿ ಒತ್ತದ ಜಾಗ ಚಪ್ಪಟೆ ಇದ್ದರೂ ಸ್ವಲ್ಪ ತರಿತರಿ ಇರುತ್ತದೆ, ಬಿಲ್ಲೆಯ ಹಳೆಯ ಮೈ ಹಾಗೇ ಉಳಿದಿರುತ್ತದೆ. ಸವೆದ ಜಾಗ ಹಳೇ ದೇವಸ್ಥಾನದ ಮೆಟ್ಟಿಲಿನ ಹಾಗೆ ನುಣ್ಣಗೆ. ನನ್ನ ಕೋಣದ ಕೊಂಬಿನ ತುದಿ, ಭುಜ, ಸೊಂಟ ಮೂರೂ ನುಣ್ಣಗಿದ್ದವು. ತಿರುಗಿಸಿದರೆ ಮುಖದ ಕಡೆ ಕೆನ್ನೆಯ ಮೂಳೆ, ಹಣೆಯ ಮೇಲಿನ ಕೂದಲು ಕೂಡ ನುಣ್ಣಗೆ. ಆ ಕಡೆಗೆ ಕಾಲು ಕಳೆದುಕೊಂಡ ನೆಪವೂ ಇಲ್ಲ. ಈ ಮೂರು ಕಾಲಿನ ನಾಣ್ಯವನ್ನು ಅಳೆಯುವಾಗ ಮೊದಲು ಮುಖವನ್ನೇ ನೋಡಬೇಕು, ಕೋಣ ಆಮೇಲೆ. ನಾನು ಉಲ್ಟಾ ಮಾಡಿದ್ದೆ.

20 ಹೊಡೆದುಹಾಕಿ 12 ಬರೆದೆ.

ತೊಳೆಯುವ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಅಜ್ಜಿ ತಾಮ್ರದ ಚೊಂಬಿಗೆ ಹುಣಸೆಹಣ್ಣು ತಿಕ್ಕುತ್ತಿದ್ದುದನ್ನು ನೋಡಿ ಬೆಳೆದ ಕೈ ಇದು. ಆದರೆ ತೊಳೆದ ನಾಣ್ಯಕ್ಕೆ ಗ್ರೇಡಿಂಗ್ ಕಂಪನಿಯವರು ಅಂಕ ಕೊಡುವುದಿಲ್ಲ, "ಡೀಟೇಲ್ಸ್" ಅಂತ ಬರೆದು ಕಳಿಸುತ್ತಾರೆ, ಬೆಲೆ ಬಿದ್ದುಹೋಗುತ್ತದೆ. ಕೊಳೆ ಸಮೇತ ಕಳಿಸಿದೆ.

ಕೆಲವು ವಾರದ ಮೇಲೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ವಾಪಸ್ ಬಂತು. ಚೀಟಿಯಲ್ಲಿ ಮೂರು ಕಾಲು ಅಂತಲೂ ಇತ್ತು, ಎಫ್-12 ಅಂತಲೂ ಇತ್ತು. ಒಂದೇ ಬೇಜಾರು. ಆ ನಾಲ್ಕು ಚುಕ್ಕಿ ನೋಡಲು ಈಗಲೂ ದೀಪವನ್ನು ಕೆಳಗಿನಿಂದ ಬಿಡುತ್ತೇನೆ, ಪ್ಲಾಸ್ಟಿಕ್ಕಿನ ಹೊಳಪು ಅಡ್ಡ ಬಂದು ಮೂರೇ ಕಾಣುತ್ತವೆ.