ಅರಿಸಾಕಾ ರೈಫಲ್‌ನ ಅಂಕಿಗಳನ್ನು ತಾಳೆ ನೋಡುವ ಕ್ರಮ

ಅಮೆರಿಕದ ಒಹಾಯೋದ ಬಂದೂಕು ಮೇಳಗಳಲ್ಲಿ ಒಂದು ಮಾತು ನನ್ನ ಕಿವಿಗೆ ಪದೇ ಪದೇ ಬೀಳುತ್ತದೆ: "ಅಂಕಿ ಕೂಡುವುದಿಲ್ಲ, ಇದು ಬೇಡ." ಬಿಡಿಭಾಗದ ಮೇಲಿನ ಅಂಕಿ ರೈಫಲ್‌ನ ಕ್ರಮಸಂಖ್ಯೆಯೊಂದಿಗೆ ತಾಳೆಯಾಗದಿದ್ದರೆ ಭಾಗ ಬದಲಾಗಿದೆ ಎಂಬುದು ಅವರ ಲೆಕ್ಕ. ಹಾಗೆ ಕೆಳಗಿಟ್ಟ ಜಪಾನಿ ಸೈನ್ಯದ ಅರಿಸಾಕಾ ರೈಫಲ್‌ಗಳಲ್ಲಿ ಎಷ್ಟೋ ನಿಜಕ್ಕೂ ಕಾರ್ಖಾನೆಯಿಂದ ಹೊರಟ ಹಾಗೆಯೇ ಇರುತ್ತವೆ. ನಾನು ಬೆಂಗಳೂರಿನ ಟೂಲ್‌ರೂಮಿನಲ್ಲಿ ಫಿಟ್ಟರ್ ಆಗಿ ದುಡಿದವನು. ಬಿಡಿಭಾಗದ ಮೇಲೆ ಯಾರಾದರೂ ಅಂಕಿ ಹೊಡೆದಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಆ ಕಾರಣ ತಿಳಿಯದೆ ತೀರ್ಪು ಕೊಡಬಾರದು ಎಂಬುದು ನನ್ನ ಹಟ.

ಮೊದಲು ಬೋಲ್ಟ್ (ಗುಂಡನ್ನು ಕೋಣೆಗೆ ತಳ್ಳಿ ಮುಚ್ಚುವ ಜಾರು ಸರಳು) ತೆರೆದು ಗುಂಡಿನ ಕೋಣೆ, ಮ್ಯಾಗಜಿನ್ ಎರಡೂ ಖಾಲಿ ಇವೆಯೇ ಎಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಿ. ಒಂದು ಟಾರ್ಚು, ಭೂತಗನ್ನಡಿ, ಕಾಗದ ಮತ್ತು ಪೆನ್ಸಿಲ್ ಇದ್ದರೆ ಮುಂದಿನ ಕೆಲಸಕ್ಕೆ ಸಾಕು.

ಓದು ಶುರುವಾಗುವುದು ಬೋಲ್ಟ್ ಒಳಗೆ ಜಾರುವ ಉಕ್ಕಿನ ಕವಚದಿಂದ, ಅಂದರೆ ರಿಸೀವರ್‌ನಿಂದ. ಅದರ ಮೇಲ್ಭಾಗದಲ್ಲಿ ಜಪಾನಿನ ಚಕ್ರವರ್ತಿಯ ಲಾಂಛನವಾದ ಹದಿನಾರು ಎಸಳಿನ ಸೇವಂತಿಗೆ ಇರುತ್ತದೆ. 1945ರ ಶರಣಾಗತಿಯ ವೇಳೆ ಉಜ್ಜಿ ಅಳಿಸಿದ್ದರೆ ಗೀರುಗಳಷ್ಟೇ ಉಳಿದಿರುತ್ತವೆ. ಅದರ ಕೆಳಗೆ ಮಾದರಿಯ ಹೆಸರು. ಮೂರು ಅಡ್ಡಗೆರೆ, ಅದರಡಿ ಎರಡು ಓರೆಗೆರೆ ಕಂಡರೆ ಅದು 38ನೇ ಮಾದರಿ: 1905ರಲ್ಲಿ ಅಂಗೀಕಾರವಾದ, 6.5 ಮಿಲಿಮೀಟರ್ ಗುಂಡಿನ ರೈಫಲ್. ಒಂದೇ ಅಕ್ಷರ ಎರಡು ಸಲ ಬಂದಿದ್ದರೆ 99ನೇ ಮಾದರಿ: 1939ರದ್ದು, 7.7 ಮಿಲಿಮೀಟರ್ ಗುಂಡಿನದು. 1944ರಲ್ಲಿ ಇಂಫಾಲ, ಕೊಹಿಮಾಗಳವರೆಗೆ ಬಂದ ಜಪಾನಿ ಸೈನಿಕರ ಹೆಗಲ ಮೇಲೆ ಇದ್ದವು ಈ ವಂಶದ ರೈಫಲ್‌ಗಳೇ.

ಈಗ ರಿಸೀವರ್‌ನ ಎಡಬದಿಗೆ ಬನ್ನಿ. ವೃತ್ತದೊಳಗೆ ಒಂದು ಜಪಾನಿ ಅಕ್ಷರ, ಅದರ ಮುಂದೆ ಕ್ರಮಸಂಖ್ಯೆ, ಕೊನೆಗೆ ಕಾರ್ಖಾನೆಯ ಮುದ್ರೆ. ವೃತ್ತದ ಅಕ್ಷರ ಸರಣಿಯನ್ನು ಹೇಳುತ್ತದೆ. ಪ್ರತಿಯೊಂದು ಅಕ್ಷರ ಒಂದೇ ಸಲ ಬರುವ ಹಳೆಯ ಪದ್ಯವೊಂದರ ಕ್ರಮದಲ್ಲಿ ಇ, ರೊ, ಹಾ, ನಿ, ಹೊ ಎಂದು ಸರಣಿಗಳು ಸಾಗುತ್ತವೆ. ಹೀಗಾಗಿ ಒಂದೇ ಕ್ರಮಸಂಖ್ಯೆ ಎರಡು ಸರಣಿಗಳಲ್ಲಿ ಇರಬಹುದು; ಅಕ್ಷರವನ್ನು ಬಿಟ್ಟು ಬರೆದುಕೊಂಡ ಸಂಖ್ಯೆ ಅರ್ಧ ಮಾಹಿತಿ ಮಾತ್ರ. 99ನೇ ಮಾದರಿಯಲ್ಲಿ ಕೊಕುರಾ ಕಾರ್ಖಾನೆಯ ಸರಣಿಗಳು ಪದ್ಯದ 20ನೇ ಅಕ್ಷರದಿಂದ, ತೋಯೋ ಕೋಗ್ಯೋ ಕಾರ್ಖಾನೆಯವು 30ನೆಯದರಿಂದ ಶುರುವಾಗುತ್ತವೆ. ಕೊರಿಯಾದ ಜಿನ್ಸೆನ್‌ನದು 40ನೆಯದು. ಅಕ್ಷರವೇ ಇಲ್ಲದಿದ್ದರೆ ಅದನ್ನು ಕೊರತೆ ಎಂದುಕೊಳ್ಳಬೇಡಿ: 38ರ ಹಳೆಯ ರೈಫಲ್‌ಗಳಿಗೂ ನಗೋಯಾ ಕಾರ್ಖಾನೆಯ ಮೊದಲ 99ಗಳಿಗೂ ಅದು ಇರಲೇ ಇಲ್ಲ. ಮುದ್ರೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಪೇರಿಸಿದ ತೋಪಿನ ಗುಂಡುಗಳಂತಿರುವ ನಾಲ್ಕು ವೃತ್ತಗಳು ಟೋಕಿಯೊ ಕಾರ್ಖಾನೆಯದೂ ಹೌದು, ಕೊಕುರಾದ್ದೂ ಹೌದು. 1923ರ ಭೂಕಂಪದ ನಂತರ ಕೆಲಸ ಕೊಕುರಾಕ್ಕೆ ಸ್ಥಳಾಂತರವಾದಾಗ ಮುದ್ರೆಯೂ ಜೊತೆಗೆ ಹೋಯಿತು.

ಇನ್ನು ಬೋಲ್ಟ್. ರಿಸೀವರ್‌ನ ಹಿಂಬದಿಯ ಎಡಕ್ಕಿರುವ ತಡೆಯನ್ನು ಹೊರಕ್ಕೆ ಎಳೆದು ಹಿಡಿದರೆ ಬೋಲ್ಟ್ ಹಿಂದಕ್ಕೆ ಜಾರಿ ಕೈಗೆ ಬರುತ್ತದೆ. ಹಿಂತುದಿಯ ಗುಂಡನೆಯ ಸೇಫ್ಟಿಯನ್ನು ಅಂಗೈಯಿಂದ ಒತ್ತಿ ತಿರುಗಿಸಿದರೆ ಸ್ಪ್ರಿಂಗ್, ಗುಂಡಿನ ತಳಕ್ಕೆ ಬಡಿಯುವ ಫೈರಿಂಗ್ ಪಿನ್ ಬಿಡಿಯಾಗುತ್ತವೆ. ಯಾವ ಉಪಕರಣವೂ ಬೇಡ. ಇಷ್ಟು ಸರಳವಾದ ಬೋಲ್ಟನ್ನು ವಿನ್ಯಾಸಗೊಳಿಸಿದವರ ಬಗ್ಗೆ ಫಿಟ್ಟರ್ ಆಗಿ ನನಗೆ ಅಪಾರ ಗೌರವವಿದೆ. ಬೋಲ್ಟಿನ ಹಿಡಿಯ ಬುಡ, ಹಾರಿಸಿದ ಗುಂಡಿನ ಖಾಲಿ ಕವಚವನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್, ಫೈರಿಂಗ್ ಪಿನ್, ಸೇಫ್ಟಿ ಈ ನಾಲ್ಕರ ಮೇಲೆ ಅಂಕಿ ಹುಡುಕಿ. ಸಾಮಾನ್ಯವಾಗಿ ಸಿಗುವುದು ಮೂರು ಅಂಕಿ; ನಗೋಯಾದ 99ರಲ್ಲಿ ಅವು ಕ್ರಮಸಂಖ್ಯೆಯ ಕೊನೆಯ ಮೂರು ಅಂಕಿಗಳಾಗಿರಬೇಕು.

ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಬಿಡಿಭಾಗಗಳಿಗೆ ಕ್ರಮಸಂಖ್ಯೆಯ ಬದಲು ಬೇರೆಯೇ ಒಂದು ಜೋಡಣೆ ಸಂಖ್ಯೆ ಹೊಡೆಯುವ ಪದ್ಧತಿಯೂ ಜಪಾನಿನ ಕಾರ್ಖಾನೆಗಳಲ್ಲಿ ಇತ್ತು. ತೊಟ್ಟಿಮನೆಯನ್ನು ಬಿಚ್ಚಿ ಬೇರೆಡೆ ಕಟ್ಟುವಾಗ ಬಡಗಿ ಕಂಬ, ತೊಲೆ, ಬೋದಿಗೆಗಳ ಮೇಲೆ ತನ್ನ ಗುರುತು ಹಾಕುತ್ತಾನಲ್ಲ, ಹಾಗೆ: ಯಾವುದು ಯಾವುದರ ಜೊತೆ ಕೂರಬೇಕು ಎಂದು ಅದು ಹೇಳುತ್ತದೆ. ಕೈಯಿಂದ ಅರ ಹಾಕಿ ಹೊಂದಿಸಿದ ಭಾಗಗಳು ಪಾಲಿಷ್‌ಗೆ, ಬಣ್ಣಕ್ಕೆ ಹೋಗಿ ಬರುವಾಗ ಬೆರೆಯಬಾರದು. ಅದಕ್ಕಾಗಿ ಈ ಸಂಖ್ಯೆ. ಆದ್ದರಿಂದ ಬೋಲ್ಟಿನ ಭಾಗಗಳು ರಿಸೀವರಿಗೆ ಕೂಡದಿದ್ದರೂ ತಮ್ಮತಮ್ಮಲ್ಲಿ ಒಂದೇ ಸಂಖ್ಯೆ ಹೊತ್ತಿದ್ದರೆ ಕೈಬಿಡಬೇಡಿ. ಅದೇ ಸಂಖ್ಯೆ ಟ್ರಿಗರ್ ಗಾರ್ಡಿನ ಒಳಮೈಯಲ್ಲಿ, ರಿಸೀವರ್‌ನ ತಳದಲ್ಲಿ, ಮರದ ತೋಡಿನಲ್ಲಿ ಇದೆಯೇ ನೋಡಿ. ಇದ್ದರೆ ರೈಫಲ್ ಕೂಡಿದ್ದೇ. ಮಾರುವವರ ಒಪ್ಪಿಗೆಯಿಲ್ಲದೆ ಸ್ಕ್ರೂ ಬಿಚ್ಚಬೇಡಿ. ಸರಿ ಹೊಂದದ ಸ್ಕ್ರೂಡ್ರೈವರ್ ಒಂದೇ ತಿರುವಿನಲ್ಲಿ ಎಂಬತ್ತು ವರ್ಷದ ಸ್ಕ್ರೂವನ್ನು ಹಾಳು ಮಾಡುತ್ತದೆ.

ಬೋಲ್ಟಿನ ಭಾಗಗಳ ಸಂಖ್ಯೆಗಳು ತಮ್ಮಲ್ಲೇ ಕೂಡದಿದ್ದರೆ, ಅಥವಾ ತಮ್ಮಲ್ಲಿ ಕೂಡಿಯೂ ರೈಫಲ್‌ನ ಬೇರೆಲ್ಲೂ ಆ ಸಂಖ್ಯೆ ಇಲ್ಲದಿದ್ದರೆ ಅದು ಬೆರಕೆ ಬೋಲ್ಟ್. ಅದೂ ಅಪರೂಪವಲ್ಲ. ಒಪ್ಪಿಸಿದ ರೈಫಲ್‌ಗಳಿಂದ ಬೋಲ್ಟುಗಳನ್ನು ಬೇರ್ಪಡಿಸಿ ರಾಶಿ ಹಾಕಿದ ಕಡೆ, ಅಮೆರಿಕದ ಸೈನಿಕರು ಕೈಗೆ ಸಿಕ್ಕಿದ್ದನ್ನು ಸೇರಿಸಿಕೊಂಡು ಊರಿಗೆ ತಂದರು. ಯುದ್ಧದ ಕೊನೆಯ ಅವಧಿಯ ಒರಟು 99ಗಳಲ್ಲಿ ಹೆಗಲಿಗೆ ತಾಗುವ ಕಡೆ ಮರದ ಹಿಂತಟ್ಟೆ, ಸ್ಥಿರವಾದ ದೃಷ್ಟಿಗುರಿ, ಉರುಳೆಯಾಕಾರದ ಬೋಲ್ಟ್ ಗುಬುಟು ಇರುತ್ತವೆ. ಅಲ್ಲಿ ಎಲ್ಲ ಭಾಗಕ್ಕೂ ಅಂಕಿ ನಿರೀಕ್ಷಿಸಬೇಡಿ.

ಬೋಲ್ಟಿನ ಮೇಲೆ ಜಾರುವ ಧೂಳುಮುಚ್ಚಳ ಇದ್ದರೆ ಅದರ ಅಂಕಿಯನ್ನೂ ಓದಿ. ತೆಳು ತಗಡಿನದಾದ್ದರಿಂದ ಬಹಳ ಕಡೆ ಕಳೆದುಹೋಗಿದೆ; ಸಂಖ್ಯೆ ಕೂಡುವ ಮುಚ್ಚಳ ಸಿಕ್ಕರೆ ಬೆಲೆ ಏರುತ್ತದೆ. ಮರದ ಭಾಗದಲ್ಲಿ, ನಳಿಗೆಯನ್ನು ಮರಕ್ಕೆ ಬಿಗಿಯುವ ಉಂಗುರಗಳ ಅಡಿ ಅಡ್ಡಗೆರೆ ಇದೆಯೇ ನೋಡಿ: ಚೀಲದಲ್ಲಿ ಹಿಡಿಸಲೆಂದು ಸೈನಿಕರು ಗರಗಸದಿಂದ ತುಂಡರಿಸಿದ್ದುಂಟು.

ಆಮೇಲೆ ನಕಲಿ ಅಂಕಿಗಳ ಮಾತು. ಪಂಚ್ ಬಿದ್ದಾಗ ಅಂಚಿನ ಲೋಹ ಮೇಲೇಳುತ್ತದೆ. ಹಳೆಯ ಅಂಕಿಯಲ್ಲಿ ಆ ಏರು ಬಳಕೆಯಿಂದ ಸವೆದಿರುತ್ತದೆ, ತಳದಲ್ಲಿ ಸುತ್ತಲಿನಷ್ಟೇ ಮಾಸಲು ಕೂತಿರುತ್ತದೆ. ಅಂಚು ಬೆರಳಿಗೆ ಚುಚ್ಚಿದರೆ, ತಳ ಹೊಳೆದರೆ, ಸುತ್ತಮುತ್ತ ಎಮರಿ ಕಾಗದದ ಗೀರುಗಳಿದ್ದರೆ ಹಣ ಕೊಡಬೇಡಿ. ನಿಮ್ಮದೇ ರೈಫಲ್‌ನ ಬೆರಕೆ ಭಾಗಕ್ಕೆ ನೀವೂ ಹೊಸ ಅಂಕಿ ಹೊಡೆಯಬೇಡಿ. ಅದು ಮುಂದಿನವರಿಗೆ ಮಾಡುವ ಮೋಸ. ಇದರಲ್ಲಿ ನನಗೆ ಎರಡನೇ ಅಭಿಪ್ರಾಯವಿಲ್ಲ.

ಅಂಕಿ ಕೂಡಿತು ಎಂದಾಕ್ಷಣ ಗುಂಡು ಹಾರಿಸಲು ಯೋಗ್ಯ ಎಂದಾಗುವುದಿಲ್ಲ. ಬೆರಕೆ ಬೋಲ್ಟ್ ಇದ್ದರಂತೂ ಬೋಲ್ಟಿನ ಮುಖಕ್ಕೂ ಗುಂಡಿನ ಕೋಣೆಗೂ ನಡುವಿನ ಅಂತರವನ್ನು ಗೇಜು ಹಾಕಿ ಬಂದೂಕು ಕೆಲಸಗಾರರಿಂದ ಅಳೆಸಲೇಬೇಕು. ಯುದ್ಧಾನಂತರ ಕೋಣೆಯನ್ನು ಬೇರೆ ಗುಂಡಿಗೆ ಕೊರೆದ ರೈಫಲ್‌ಗಳೂ ಇವೆ. ಇದೇ ರೂಪದ ತರಬೇತಿ ಬಂದೂಕುಗಳು ಹುಸಿಗುಂಡಿಗಷ್ಟೇ ಮಾಡಿದವು. ನಳಿಗೆಯೊಳಗೆ ಸುರುಳಿಗೆರೆ ಇಲ್ಲದಿದ್ದರೆ ಅದನ್ನು ಗೋಡೆಗೆ ತೂಗುಹಾಕಿ, ಎಂದಿಗೂ ಹಾರಿಸಬೇಡಿ.