ಫೆಬ್ರವರಿ 29ರ ಆಚೆಗಿನ ಆಫ್ ಡ್ಯೂಟಿ

2012ರ ಫೆಬ್ರವರಿ 29, ಬುಧವಾರ. ನಮ್ಮ ವಾರ್ಡಿನ ಟೀ ರೂಮಿನಲ್ಲಿ ಮೂರು ಕೇಕ್ ಇಟ್ಟಿದ್ದರು. ನಿಜವಾಗಿ ಐದು ಇರಬೇಕಿತ್ತು. ಐದು ಜನ ನರ್ಸ್‌ಗಳು ಒಂದೇ ದಿನ ನಿವೃತ್ತರಾಗುತ್ತಿದ್ದರು. ಅವರಲ್ಲಿ ಇಬ್ಬರು ಉಳಿದಿದ್ದ ರಜೆಯನ್ನೆಲ್ಲ ಹಾಕಿ ಜನವರಿಯಲ್ಲೇ ಮನೆಗೆ ಹೋಗಿದ್ದರು.

ಆಗ ನಾನು ಐರ್ಲೆಂಡಿನ ಒಂದು ಸರ್ಕಾರಿ ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ಸಿಎನ್‌ಎಂ 2 ಆಗಿದ್ದೆ. ನಮ್ಮೂರಿನ ಲೆಕ್ಕದಲ್ಲಿ ವಾರ್ಡ್ ಇನ್‌ಚಾರ್ಜ್ ಸಿಸ್ಟರ್. ಮಂಗಳೂರಿನಲ್ಲಿ ನರ್ಸಿಂಗ್ ಕಲಿತು 2002ರಲ್ಲಿ ಇಲ್ಲಿಗೆ ಬಂದವಳು ನಾನು. ಡ್ಯೂಟಿ ಪಟ್ಟಿ ಹಾಕುವುದು ನನ್ನ ಕೆಲಸ. ಆ ಪಟ್ಟಿಗೆ ಇಲ್ಲಿ ‘ಆಫ್ ಡ್ಯೂಟಿ’ ಅಂತಲೇ ಹೆಸರು. ಬಂದ ಹೊಸದರಲ್ಲಿ ಯಾರೋ ‘ಆಫ್ ಡ್ಯೂಟಿ ನೋಡಿದೆಯಾ’ ಅಂದಾಗ ನನಗೆ ರಜೆ ಸಿಕ್ಕಿತು ಅಂದುಕೊಂಡಿದ್ದೆ!

ಒಂದೇ ದಿನ ಎಲ್ಲರೂ ಯಾಕೆ ಹೊರಟರು ಅಂತ ಹೇಳಬೇಕಲ್ವಾ. 2008ರ ಆರ್ಥಿಕ ಕುಸಿತದ ನಂತರ ಇಲ್ಲಿನ ಸರ್ಕಾರದ ಹತ್ತಿರ ದುಡ್ಡಿರಲಿಲ್ಲ. 2010ರ ಜನವರಿ 1ರಿಂದ ಸರ್ಕಾರಿ ನೌಕರರ ಸಂಬಳ ಕಡಿತ ಮಾಡಿದರು. ಮೊದಲ 30,000 ಯೂರೋಗೆ ಶೇ. 5, ಅದರ ಮೇಲಿನ 40,000ಕ್ಕೆ ಶೇ. 7.5. ಅಂದರೆ ವರ್ಷಕ್ಕೆ 50,000 ಬರುತ್ತಿದ್ದವರಿಗೆ 3,000 ಹೋಯಿತು. ಆದರೆ ಒಂದು ರಿಯಾಯಿತಿ ಕೊಟ್ಟರು. 2012ರ ಫೆಬ್ರವರಿ 29ರೊಳಗೆ ನಿವೃತ್ತರಾದರೆ ಪಿಂಚಣಿಯನ್ನೂ ಇಡುಗಂಟನ್ನೂ ಹಳೆಯ ಸಂಬಳದ ಮೇಲೆಯೇ ಲೆಕ್ಕ ಹಾಕುತ್ತಾರೆ. 40 ವರ್ಷ ಸರ್ವಿಸ್ ಆದವರಿಗೆ ಇಡುಗಂಟು ಒಂದೂವರೆ ವರ್ಷದ ಸಂಬಳ. ಅಲ್ಲಿಗೆ 4,500 ಯೂರೋ ವ್ಯತ್ಯಾಸ. ಇನ್ನೂ ನಾಲ್ಕೈದು ವರ್ಷ ದುಡಿಯಬಹುದಿದ್ದವರೂ ಕ್ಯಾಲ್ಕ್ಯುಲೇಟರ್ ಹಿಡಿದು ಕೂತರು. ಫೋನಿನಲ್ಲಿ ಅಮ್ಮನಿಗೆ ಇದನ್ನು ಹೇಳಿದಾಗ, ‘ಅಷ್ಟು ಸಿಗುವಾಗ ಯಾರು ಬಿಡ್ತಾರೆ ಮಾರಾಯ್ತಿ, ನಾನಾದ್ರೂ ಹೋಗ್ತಿದ್ದೆ’ ಅಂದರು. ನನಗೂ ಹೊರಟವರ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ಬೇರೆ ಕಡೆ. 2009ರ ಮಾರ್ಚ್‌ನಿಂದಲೇ ಹೊಸ ನೇಮಕಾತಿಗೆ ತಡೆ ಇತ್ತು. ಹೋದವರ ಜಾಗ ಖಾಲಿಯೇ. ಬಾಗಿಲು ಇಂಥ ದಿನ ತೆರೆದಿರುತ್ತದೆ ಅಂತ ಒಂದು ವರ್ಷಕ್ಕಿಂತ ಮೊದಲೇ ಗೊತ್ತಿದ್ದರೂ, ಆ ಬಾಗಿಲಿನಿಂದ ಎಷ್ಟು ಜನ ಹೋಗಬಹುದು ಅಂತ ನಮ್ಮ ಕಡೆ ಯಾರೂ ಎಣಿಸಿರಲಿಲ್ಲ.

ನಾನು ಎಣಿಸಲು ಶುರು ಮಾಡಿದ್ದು 2011ರ ನವೆಂಬರಿನಲ್ಲಿ. ‘ನೀವು ಹೋಗ್ತೀರಾ’ ಅಂತ ನೇರವಾಗಿ ಕೇಳುವುದು ಸರಿಯಲ್ಲ. ನಿವೃತ್ತಿ ಅವರವರ ಖಾಸಗಿ ವಿಷಯ. ಆದರೆ ರಾತ್ರಿ ಮೂರು ಗಂಟೆಯ ಟೀಗೆ ಕೂತರೆ ಎಲ್ಲ ಮಾತೂ ಹೊರಗೆ ಬರುತ್ತದೆ. ಡಿಸೆಂಬರ್ ಹೊತ್ತಿಗೆ ಐದು ಹೆಸರು ಗೊತ್ತಾಗಿತ್ತು.

ಮೊದಲು ಮಾಡಿದ್ದು ಗಂಟೆಗಳ ಲೆಕ್ಕ. 12 ಗಂಟೆಯ ಒಂದು ಪಾಳಿಗೆ ವಾರವಿಡೀ ಒಬ್ಬರು ಬೇಕಾದರೆ 84 ಗಂಟೆ. ಆಗ ನಮ್ಮ ವಾರದ ಕೆಲಸ 37.5 ಗಂಟೆ. ಅಲ್ಲಿಗೆ ಎರಡೂಕಾಲು ಜನ. ರಜೆ, ಕಾಯಿಲೆ ಸೇರಿಸಿದರೆ ಹೆಚ್ಚುಕಡಿಮೆ ಎರಡೂಮುಕ್ಕಾಲು. ಐದು ಜನ ಹೋದರೆ ಹಗಲಿಗೆ ಒಬ್ಬರು, ರಾತ್ರಿಗೆ ಒಬ್ಬರು ಹೆಚ್ಚುಕಡಿಮೆ ಇಲ್ಲವಾದಂತೆ. ಇದನ್ನು ಒಂದು ಹಾಳೆಯಲ್ಲಿ ಬರೆದು ಮೇಲಿನವರಿಗೆ ಕೊಟ್ಟೆ. ‘ಐದು ಹುದ್ದೆ ಕಡಿಮೆ’ ಅಂದಾಗ ಅವರು ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ‘ಪ್ರತಿ ರಾತ್ರಿ 28 ರೋಗಿಗಳಿಗೆ ಮೂವರ ಬದಲು ಇಬ್ಬರು’ ಅಂದಾಗ ಕುರ್ಚಿ ಎಳೆದುಕೊಂಡು ಕೂತರು.

ಎರಡನೆಯದು ನೋಟ್‌ಬುಕ್. ಐದು ಜನರ ಸರ್ವಿಸ್ ಕೂಡಿಸಿದರೆ 160 ವರ್ಷ. ಅದರಲ್ಲಿ ಏನೇನಿದೆ ಅಂತ ಬರೆಯತೊಡಗಿದೆ. ಒಬ್ಬರು ಯಾರ ಕೈಯಲ್ಲೂ ಸಿಗದ ನರ ಹುಡುಕಿ ಕ್ಯಾನುಲಾ (ಡ್ರಿಪ್ ಕೊಡುವ ಸಣ್ಣ ಕೊಳವೆ) ಹಾಕುತ್ತಿದ್ದರು. ಇನ್ನೊಬ್ಬರಿಗೆ ಸುತ್ತಲಿನ ನರ್ಸಿಂಗ್ ಹೋಮ್‌ಗಳ (ಇಲ್ಲಿ ಅಂದರೆ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಗಳು) ಮೇಟ್ರನ್‌ಗಳೆಲ್ಲ ಪರಿಚಯ. ಅವರು ಒಂದು ಫೋನ್ ಮಾಡಿದರೆ ವಾರದಿಂದ ಜಾಗ ಸಿಗದೆ ಮಲಗಿದ್ದ ಅಜ್ಜಿಗೆ ಮಾರನೇ ದಿನ ಜಾಗ. ಮತ್ತೊಬ್ಬರಿಗೆ ಯಾವ ಡಾಕ್ಟರ್ ರೌಂಡ್ಸ್‌ನಲ್ಲಿ ಮೊದಲು ಯಾವ ಚಾರ್ಟ್ ಕೇಳುತ್ತಾರೆ ಅಂತ ಬಾಯಿಪಾಠ. ಇದ್ಯಾವುದೂ ಹುದ್ದೆಯ ವಿವರದಲ್ಲಿ ಇರುವುದಿಲ್ಲ. ಪ್ರತಿಯೊಂದು ಕೆಲಸದ ಎದುರು ಉಳಿಯುವವರಲ್ಲಿ ಒಬ್ಬರ ಹೆಸರು ಬರೆದೆ. ಡಿಸೆಂಬರ್, ಜನವರಿಯ ಪಾಳಿಗಳಲ್ಲಿ ಆ ಇಬ್ಬರನ್ನು ಜೋಡಿಯಾಗಿ ಹಾಕಿದೆ. ಕ್ಯಾನುಲಾ ಕೈಗೆ ಬಂತು. ಮೇಟ್ರನ್‌ಗಳ ಸ್ನೇಹ ಬರಲಿಲ್ಲ. ಫೋನ್ ನಂಬರ್ ಬರೆದುಕೊಂಡ ಮಾತ್ರಕ್ಕೆ ಅದು ಬರುವಂಥದ್ದೂ ಅಲ್ಲ.

ಇಲ್ಲೇ ನಾನು ಎಡವಿದ್ದು. ನನ್ನ ಲೆಕ್ಕವೆಲ್ಲ ಫೆಬ್ರವರಿ 29ಕ್ಕೆ ಇತ್ತು. ಹೋಗುವವರಿಗೆ ಬಾಕಿ ರಜೆ ಇರುತ್ತದೆ, ಹೆಚ್ಚುವರಿ ಮಾಡಿದ ಗಂಟೆಗಳಿರುತ್ತವೆ, ಅದನ್ನು ಮುಗಿಸಿಯೇ ಹೋಗುತ್ತಾರೆ ಅನ್ನುವುದು ಹೊಳೆಯಲೇ ಇಲ್ಲ. ಐವರಲ್ಲಿ ರಜೆ ಹಾಕಿದ ಇಬ್ಬರು ಜನವರಿ ಮಧ್ಯದಿಂದ ಕಾಣಲಿಲ್ಲ. ಜೋಡಿ ಮಾಡಿದ್ದೆಲ್ಲ ಅರ್ಧಕ್ಕೆ ನಿಂತಿತು. ಯಾರಾದರೂ ಈ ಕೆಲಸ ಮಾಡುವವರಿದ್ದರೆ ಮೊದಲು ರಜೆಯ ಪುಸ್ತಕ ತೆಗೆದು ನೋಡಿ. ನಿವೃತ್ತಿಯ ದಿನ ಬೇರೆ, ಕಡೆಯ ಪಾಳಿಯ ದಿನ ಬೇರೆ.

ಮಾರ್ಚ್ ಶುರುವಾಯಿತು. ಸರ್ಕಾರಕ್ಕೂ ನೌಕರರ ಸಂಘಗಳಿಗೂ ಆಗಿದ್ದ ಕ್ರೋಕ್ ಪಾರ್ಕ್ ಒಪ್ಪಂದದ ಪ್ರಕಾರ ಸಿಬ್ಬಂದಿಯನ್ನು 45 ಕಿಲೋಮೀಟರ್ ಒಳಗೆ ಬೇರೆ ಕಡೆಗೆ ಕಳಿಸಬಹುದಿತ್ತು. ಹಾಗೆ ನಮಗೆ ಒಬ್ಬರು ಬಂದರು. ಒಳ್ಳೆಯ ನರ್ಸ್. ಆದರೆ ಮೆಡಿಕಲ್ ವಾರ್ಡ್ ನೋಡಿ ಹತ್ತು ವರ್ಷವಾಗಿತ್ತು. ಎರಡು ವಾರ ಅವರನ್ನು ಎಣಿಕೆಗೆ ಸೇರಿಸದೆ ಬಿಡಿ ಅಂತ ಕೇಳಿದೆ. ಮೂರು ದಿನ ಸಿಕ್ಕಿತು. ಪಾಪ, ಆಕೆ ನಾಲ್ಕನೇ ದಿನ ಔಷಧಿ ಕೋಣೆಯಲ್ಲಿ ನಿಂತು ಅತ್ತರು.

ಆಮೇಲೆ ಆ ರಾತ್ರಿ. ಹಗಲಿನಲ್ಲಿ ರೌಂಡ್ಸ್, ಮನೆಯವರು, ಫೋನು, ಗದ್ದಲ ಅಂತ ಅನುಭವಿಗಳನ್ನೆಲ್ಲ ಹಗಲಿಗೇ ಹಾಕಿದ್ದೆ. ರಾತ್ರಿಗೆ ಚಿಕ್ಕ ವಯಸ್ಸಿನ ಒಬ್ಬ ಹುಡುಗಿ, ಜೊತೆಗೆ ತಾತ್ಕಾಲಿಕವಾಗಿ ನರ್ಸ್‌ಗಳನ್ನು ಕಳಿಸುವ ಏಜೆನ್ಸಿಯಿಂದ ಬಂದ ಒಬ್ಬರು. ಒಬ್ಬ ಅಜ್ಜನ ಉಸಿರಾಟ ಹನ್ನೆರಡು ಗಂಟೆಯಿಂದಲೇ ಜೋರಾಗಿತ್ತು. ಚಾರ್ಟಿನಲ್ಲಿ ಬರೆದೂ ಇದ್ದರು. ಡಾಕ್ಟರನ್ನು ಕರೆದದ್ದು ಮೂರೂವರೆಗೆ. ಐಸಿಯುಗೆ ಹೋದರು, ಉಳಿದರು. ಬೆಳಗ್ಗೆ ಆ ಹುಡುಗಿ ಅಂದಳು, ‘ಬರೀ ಉಸಿರಿಗೆ ಕರೆದರೆ ಬೈತಾರೇನೋ ಅಂತ ಕಾದೆ.’ ಪಕ್ಕದಲ್ಲಿ ‘ಕರಿ, ನಾನಿದ್ದೇನೆ’ ಅನ್ನುವವರು ಇರಲಿಲ್ಲ. ಆ ಪಟ್ಟಿ ಹಾಕಿದ್ದು ನಾನು. ವರದಿಯಲ್ಲೂ ಹಾಗೇ ಬರೆದೆ.

ಅಂದಿನಿಂದ ಆಫ್ ಡ್ಯೂಟಿಯನ್ನು ಹಿಂದುಮುಂದಾಗಿ ಹಾಕತೊಡಗಿದೆ. ಮೊದಲು ರಾತ್ರಿ ಪಾಳಿಗೆ ಒಬ್ಬ ಹಿರಿಯರು, ಆಮೇಲೆ ಶನಿವಾರ ಭಾನುವಾರ, ಕೊನೆಗೆ ವಾರದ ಹಗಲು. ಹಗಲಿನಲ್ಲಿ ಕಡಿಮೆ ಬಿದ್ದರೆ ಕೂಗಿದರೆ ಯಾರಾದರೂ ಬರುತ್ತಾರೆ. ನಾನೂ ತಿಂಗಳಿಗೆ ಎರಡು ರಾತ್ರಿ ಮಾಡಿದೆ. ಮೇಲಿನವರಿಗೆ ಅದು ಅಷ್ಟು ಹಿಡಿಸಲಿಲ್ಲ.

ಏಜೆನ್ಸಿಯಿಂದ ದಿನಕ್ಕೊಬ್ಬರು ಹೊಸಬರು ಬಂದರೆ ಉಪಯೋಗಕ್ಕಿಂತ ಉಪದ್ರ ಜಾಸ್ತಿ. ಅದೇ ಇಬ್ಬರನ್ನು ಕಳಿಸಿ ಅಂತ ಹಟ ಹಿಡಿದೆ. ಏಪ್ರಿಲ್‌ನಲ್ಲಿ ಬಂದ ಒಬ್ಬರನ್ನು ನೋಡಿ ಇಡೀ ವಾರ್ಡ್ ನಕ್ಕಿತು. ಫೆಬ್ರವರಿಯಲ್ಲಿ ಕೇಕ್ ಕತ್ತರಿಸಿದ್ದವರೇ! ‘ಮನೇಲಿ ಗಂಡನ ಮುಖ ನೋಡಿ ಸಾಕಾಯ್ತು’ ಅಂದರು. ಅವರ ಜೊತೆಗೆ ಮೇಟ್ರನ್‌ಗಳ ಸ್ನೇಹವೂ ವಾಪಸ್ ಬಂತು.

ಕಷ್ಟವಾದದ್ದು ನಮ್ಮವರ ವಿಷಯದಲ್ಲಿ. ಭಾರತದಿಂದ ಬಂದ ನರ್ಸ್‌ಗಳು ರಜೆ ಕೂಡಿಟ್ಟು ಒಮ್ಮೆಲೇ ಐದಾರು ವಾರ ಊರಿಗೆ ಹೋಗುತ್ತಾರೆ. ಟಿಕೆಟ್ ದುಬಾರಿ, ಇನ್ನೇನು ಮಾಡುತ್ತಾರೆ? ಮೇ ತಿಂಗಳಲ್ಲಿ ಒಬ್ಬಳ ತಂಗಿಯ ಮದುವೆ. ಆರು ವಾರ ಕೇಳಿದಳು. ಮೂರೇ ಕೊಡುತ್ತೇನೆ ಅಂದೆ. ‘ನೀವೂ ನಮ್ಮವರೇ ಅಲ್ವಾ’ ಅಂತ ಕೇಳಿದಳು. ಎರಡು ದಿನ ನನಗೆ ನಿದ್ದೆ ಬರಲಿಲ್ಲ. ಕೊನೆಗೆ ಇಬ್ಬರು ಐರಿಶ್ ಹುಡುಗಿಯರು ತಾವಾಗಿಯೇ ಕ್ರಿಸ್‌ಮಸ್ ರಜೆಗೆ ಬದಲಾಗಿ ಅವಳ ಪಾಳಿ ಹಂಚಿಕೊಂಡರು. ನಮಗೆ ಮದುವೆ ಹೇಗೋ ಅವರಿಗೆ ಕ್ರಿಸ್‌ಮಸ್ ಹಾಗೆ. ಈ ಲೇವಾದೇವಿ ನಾನೇ ಮೊದಲು ಯೋಚಿಸಬಹುದಿತ್ತು.

ಇಷ್ಟು ಮಾಡಿಯೂ ಸಾಲಲಿಲ್ಲ. ನಾಲ್ಕು ಹಾಸಿಗೆ ಮುಚ್ಚಿಸಿದೆ. ಆ ಒಂದು ಕೋಣೆಗೆ ಬೀಗ. ಕೆಳಗೆ ಎಮರ್ಜೆನ್ಸಿಯಲ್ಲಿ ಜನ ಟ್ರಾಲಿಯ ಮೇಲೆ ಮಲಗಿರುತ್ತಿದ್ದರು. ನರ್ಸ್‌ಗಳ ಸಂಘ ದಿನಾ ಬೆಳಗ್ಗೆ ಆ ಟ್ರಾಲಿಗಳ ಲೆಕ್ಕ ಪ್ರಕಟಿಸುತ್ತದೆ. ಹಾಸಿಗೆ ಹಂಚುವವರು ಪ್ರತಿ ದಿನ ಎಂಟು ಗಂಟೆಗೆ ಫೋನ್ ಮಾಡಿ ‘ಒಂದಾದರೂ ತೆಗೆಯಿರಿ’ ಅನ್ನುತ್ತಿದ್ದರು. ಅವರದೂ ತಪ್ಪಿಲ್ಲ. ನಾನು ಆ ಅಜ್ಜನ ಚಾರ್ಟ್ ನೆನೆಸಿಕೊಂಡು ಇಲ್ಲ ಅನ್ನುತ್ತಿದ್ದೆ. ಅಕ್ಟೋಬರಿನಲ್ಲಿ ಎರಡು ತೆಗೆದೆವು. ಉಳಿದೆರಡು ನಾನು ಆ ವಾರ್ಡ್ ಬಿಡುವವರೆಗೂ ತೆಗೆಯಲಿಲ್ಲ.

ಡಿಸೆಂಬರಿನಲ್ಲಿ ಸರ್ಕಾರ ಕೊನೆಗೂ ಹೊಸಬರನ್ನು ತೆಗೆದುಕೊಳ್ಳುತ್ತೇವೆ ಅಂದಿತು. ಸಾವಿರ ಜನ, ಎರಡು ವರ್ಷಕ್ಕೆ, ಆರಂಭದ ಸಂಬಳದ ಶೇ. 80 ಮಾತ್ರ. ಸಂಘ ಬಹಿಷ್ಕಾರ ಹಾಕಿತು. ನಮ್ಮ ವಾರ್ಡಿನಲ್ಲೇ ಕಲಿತ ನಾಲ್ವರು ವಿದ್ಯಾರ್ಥಿಗಳ ಮೇಲೆ ನನಗೆ ಕಣ್ಣಿತ್ತು. ಮೂವರು ಆಸ್ಟ್ರೇಲಿಯಾಕ್ಕೆ, ಒಬ್ಬಳು ಇಂಗ್ಲೆಂಡಿಗೆ ಹೊರಟರು. ಟೀ ರೂಮಿನಲ್ಲಿ ಮತ್ತೆ ಕೇಕ್ ಇಟ್ಟೆವು. ಶಿಫಾರಸು ಪತ್ರ ನಾಲ್ವರಿಗೂ ನಾನೇ ಬರೆದುಕೊಟ್ಟೆ.