ಬಿಪಿ ಪುಸ್ತಕದಲ್ಲಿ ಇನ್ನೊಂದು ಸಾಲು ಬರೆಯಿರಿ

ನಮ್ಮ ಅವ್ವನ ಬಿಪಿ ಮಾತ್ರೆಗೆ ಬಗ್ಗುತ್ತಿರಲಿಲ್ಲ. ಉಪ್ಪಿನಕಾಯಿ ಬಿಟ್ಟಾಯ್ತು. ದಾವಣಗೆರೆಯಲ್ಲಿದ್ದುಕೊಂಡು ಮಿರ್ಚಿ ಮಂಡಕ್ಕಿಯನ್ನೂ ಬಿಟ್ಟಾಯ್ತು. ಆದರೂ ಮಷೀನು 150ರ ಮೇಲೇ ತೋರಿಸುತ್ತಿತ್ತು. ಕಾರಣ ಸಿಕ್ಕಿದ್ದು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇಡಿ.

ಮೊದಲು ಅಳೆಯೋದು ಸರಿಯಾಗಿರಬೇಕು. ಕಾಫಿ, ಚಹಾ ಕುಡಿದು ಅರ್ಧ ಗಂಟೆ ಆಗಿರಲಿ. ಬೆನ್ನು ಆನಿಸಿ, ಪಾದ ನೆಲಕ್ಕೆ ಊರಿ, 5 ನಿಮಿಷ ಸುಮ್ನೆ ಕೂರಿಸಿ. ತೋಳು ಎದೆಯ ಮಟ್ಟಕ್ಕಿರಲಿ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ, ಎರಡನ್ನೂ ಬರೆಯಿರಿ. ಆಸ್ಪತ್ರೆಯ ಗಾಬರಿಗೇ ಬಿಪಿ ಏರುವವರಿದ್ದಾರೆ, ಅದಕ್ಕೇ ಮನೆಯ ಲೆಕ್ಕ ಬೇಕು. ಮನೆಯಲ್ಲಿ ಸರಾಸರಿ 135/85 ದಾಟಿದರೆ ಡಾಕ್ಟರಿಗೆ ತೋರಿಸಿ.

ಇನ್ನು ಮುಖ್ಯ ಕೆಲಸ. ಅಂಕಿಯ ಪಕ್ಕ ಒಂದೇ ಒಂದು ಸಾಲು. ರಾತ್ರಿ ನಿದ್ದೆ ಎಷ್ಟು, ನಿನ್ನೆ ಯಾರ ಜೊತೆ ಮಾತಾಡಿದ್ರು, ಏನು ನಡೀತು. ಕಾರಣ ಕೆದಕಬೇಡಿ. ನಾನು "ಯಾಕವ್ವ ಇಷ್ಟು ಟೆನ್ಶನ್?" ಅಂತ ಕೇಳಿ ಕೆಡಿಸಿದ್ದೆ. "ಏನಿಲ್ಲ ಬಿಡವ್ವ" ಅಂತ ಅವ್ವ ಅಡುಗೆಮನೆಗೆ ಹೋಗಿಬಿಟ್ಟಳು. ಮರುದಿನ, ಎಷ್ಟೊತ್ತಿಗೆ ಮಲಗಿದೆ ಅಂತಷ್ಟೇ ಕೇಳಿದೆ. "ಎರಡು ಗಂಟೆ ಬಡಿದದ್ದು ಕೇಳಿಸ್ತು" ಅಂದಳು. ಅದನ್ನೇ ಬರೆದೆ.

ಮೂರು ವಾರ ಆದಮೇಲೆ ಪುಟ ತಿರುವಿದೆ. ಸೋಮವಾರ 158/96, ನಿದ್ದೆ ಇಲ್ಲ. ಬುಧವಾರ 138/86. ಮತ್ತೆ ಸೋಮವಾರ 160/94, ಹೊಟ್ಟೆ ಉರಿ. ಸೋಮವಾರ ಸಂಘದ ಕಂತಿನ ದಿನ! ಪಕ್ಕದ ಬೀದಿಯವರೊಬ್ಬರ ಸಾಲಕ್ಕೆ ಅವ್ವ ಜಾಮೀನು ನಿಂತಿದ್ದಳು. ಅವರು ಊರು ಬಿಟ್ಟಿದ್ದರು. ಹೊಲಿಗೆ ದುಡ್ಡಲ್ಲಿ ಯಾರಿಗೂ ಗೊತ್ತಾಗದ ಹಾಗೆ ಕಂತು ಕಟ್ಟುತ್ತಿದ್ದಳು. ಯಾರಾದರೂ ಕೇಳಿಯಾರು ಅಂತ ಜಗಲಿ ಮೇಲೆ ಕೂರೋದನ್ನೂ ನಿಲ್ಲಿಸಿದ್ದಳು. ಒಂದೇ ಮನೆಯಲ್ಲಿದ್ದು ನನಗದು ಕಾಣಲಿಲ್ಲ, ಆ ನೋವು ಈಗಲೂ ಇದೆ.

ಹೆದರಿದಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಅನ್ನೋ ಹಾರ್ಮೋನುಗಳು ಏರುತ್ತವೆ. ಎದೆ ಹೊಡ್ಕೊಳ್ಳುತ್ತೆ, ರಕ್ತನಾಳ ಬಿಗಿಯುತ್ತೆ. ನಾಯಿ ಅಟ್ಟಿಸಿಕೊಂಡು ಬಂದ ಭಯವಾದರೆ ಸ್ವಲ್ಪ ಹೊತ್ತಿಗೆ ಇಳಿಯುತ್ತೆ. ಸಾಲದ ಭಯ ವಾರವಾರವೂ ಬರುತ್ತೆ. ನಿದ್ದೆ ಕೆಡುತ್ತೆ, ಊಟದ ಹೊತ್ತು ತಪ್ಪುತ್ತೆ, ಮಾತ್ರೆ ಮರೆತುಹೋಗುತ್ತೆ. ದೇಹ, ಮನಸ್ಸು, ಸುತ್ತಲಿನ ಬದುಕು ಮೂರನ್ನೂ ಸೇರಿಸಿ ರೋಗ ನೋಡಬೇಕು ಅಂತ ಅಮೆರಿಕದ ಡಾಕ್ಟರ್ ಜಾರ್ಜ್ ಎಂಗೆಲ್ 1977ರಲ್ಲೇ ಬರೆದಿದ್ದರು.

ಪುಸ್ತಕವನ್ನು ಡಾಕ್ಟರ ಮುಂದಿಡಿ. ಕಾರಣ ಸಿಕ್ಕಿತು ಅಂತ ಮಾತ್ರೆ ಮಾತ್ರ ನಿಲ್ಲಿಸಬೇಡಿ. ಎದೆ ನೋವು, ಮಾತು ತೊದಲೋದು, ಒಂದು ಕಡೆ ಕೈ ಸೋಲೋದು ಕಂಡರೆ "ಟೆನ್ಶನ್ ಅಷ್ಟೇ" ಅಂತ ಕೂರದೆ 108ಕ್ಕೆ ಫೋನ್ ಮಾಡಿ. ಮನೆಯವರ ಹತ್ತಿರ ಹೇಳಲಾಗದ ಮಾತಿದ್ದರೆ ಮನಸ್ಸಿನ ಆರೋಗ್ಯಕ್ಕಾಗಿ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಅಪ್ಪಾಜಿಗೆ ಎಲ್ಲ ಹೇಳಿದೆವು. ಕಂತನ್ನು ಮೂವರೂ ಹಂಚಿಕೊಂಡೆವು. ಅವ್ವ ಈಗ ಎದುರುಮನೆ ಅಕ್ಕನ ಜೊತೆ ಸಂಜೆ ಕುಂದವಾಡ ಕೆರೆಗೆ ಹೋಗುತ್ತಾಳೆ. ಕಳೆದ ಸೋಮವಾರದ ಸಾಲು ಅವಳ ಅಕ್ಷರದಲ್ಲೇ ಇದೆ: "136/84. ಕೆರೆ ಏರಿ ಮೇಲೆ ನಡೆದೆವು. ಶೇಂಗಾ ತಿಂದೆವು."